ಪಾಯಸದ ತಪ್ಪಲೆ

ಶ್ರಾದ್ಧದ ಅಡಿಗೆಯನ್ನು ರುಚಿ ನೋಡುವಂತಿಲ್ಲ. ಪಿತೃಗಳ ಸ್ಥಾನದಲ್ಲಿ ಕೂತ ಬ್ರಾಹ್ಮಣರು ಉಣ್ಣುವವರೆಗೆ ಅಡಿಗೆಯವನ ನಾಲಿಗೆಗೂ ಒಂದು ಹನಿ ಸೋಕಬಾರದು. ಹಾಗಾಗಿ ಚಾಮರಾಜಪೇಟೆಯ ವೆಂಕಟಾಚಲಾಚಾರ್ಯರು ಮೂವತ್ತು ವರ್ಷ ಮೂಗಿನಿಂದಲೇ ಅಡಿಗೆ ಮಾಡಿದರು. ಬೇಕೆಂದೇ ಮೂಸುವುದು ತಪ್ಪು, ನಿಜ. ಆದರೆ ತಾನಾಗಿ ಎದ್ದುಬಂದ ಘಮವನ್ನು ಯಾವ ಶಾಸ್ತ್ರ ತಡೆದೀತು? ಬೇಳೆ ಬೆಂದಿತೇ, ಹುಣಿಸೆಯ ಹಸಿ ಹೋಯಿತೇ, ಎಲ್ಲವೂ ಅವರಿಗೆ ನಿಂತಲ್ಲೇ ತಿಳಿಯುತ್ತಿತ್ತು.

ಅಂಥ ಮೂಗೇ ಕೈಕೊಟ್ಟಿತು. ಮೊದಲು ನೆಗಡಿ ಎಂದುಕೊಂಡರು. ಬಾಳೆಹಣ್ಣು ಬಿಟ್ಟರು, ಮೊಸರು ಬಿಟ್ಟರು, ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿದರು. ಹುಬ್ಬಿನ ನಡುವೆ ಭಾರ, ಗಂಟಲಿಗೆ ಸದಾ ಇಳಿಯುವ ಕಫ. ಎರಡು ವರ್ಷವಾದರೂ ನೆಗಡಿ ಹೋಗಲಿಲ್ಲ, ವಾಸನೆ ಹೋಯಿತು. ಕೊನೆಗೆ ಹೆಂಡತಿ ಗೋದಾ ಅವರನ್ನು ಮಲ್ಲೇಶ್ವರದ ಮೂಗಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

“ಇದು ಬರೀ ನೆಗಡಿ ಅಲ್ಲ ಆಚಾರ್ರೇ,” ಎಂದರು ಡಾಕ್ಟರಮ್ಮ, ಸ್ಕ್ಯಾನ್ ಹಾಳೆಯನ್ನು ಬೆಳಕಿಗೆ ಹಿಡಿದು. “ಕೆನ್ನೆ, ಹಣೆ ಮೂಳೆ ಒಳಗೆ ಗಾಳಿಯಾಡೋ ಗೂಡುಗಳಿವೆ. ಅದರ ಒಳಪೊರೆ ಊದ್ಕೊಂಡು ಬಾಗಿಲು ಮುಚ್ಚಿದೆ. ಮೂಗಲ್ಲಿ ಸಿಪ್ಪೆ ಸುಲಿದ ದ್ರಾಕ್ಷಿ ಥರ ದುರ್ಮಾಂಸ ಬೆಳೆದಿದೆ. ತೆಗೀಬೇಕು.”

ಮದುವೆ ಮುಂಜಿಗಳಿಲ್ಲದ ಆಷಾಢದಲ್ಲಿ, ಮೂಗಿನೊಳಗಿಂದಲೇ ಆಪರೇಷನ್ ಆಯಿತು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೋದಾ ಒಗ್ಗರಣೆಗೆ ಕರಿಬೇವು ಹಾಕಿದಳು. ಚುಂಯ್ ಎಂದ ಸದ್ದಿನ ಹಿಂದೆಯೇ ಘಮ ಬಂತು. ಐವತ್ತೆಂಟರ ಆಚಾರ್ಯರು ಅಡಿಗೆಮನೆಯ ಬಾಗಿಲು ಹಿಡಿದು ಮಗುವಿನ ಹಾಗೆ ಅತ್ತುಬಿಟ್ಟರು.

“ನಾನು ದಾರಿ ಮಾಡ್ಕೊಟ್ಟಿದೀನಿ ಅಷ್ಟೆ,” ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. “ಊದ್ಕೊಳ್ಳೋ ಸ್ವಭಾವ ಇನ್ನೂ ನಿಮ್ಮಲ್ಲೇ ಇದೆ. ಬೆಳಿಗ್ಗೆ ಸಂಜೆ ಉಪ್ಪುನೀರಲ್ಲಿ ಮೂಗು ತೊಳ್ದು ಈ ಸ್ಪ್ರೇ ಹಾಕ್ಕೋಬೇಕು. ಚೆನ್ನಾಗಿದೆ ಅಂತ ಬಿಟ್ರೆ ಮತ್ತೆ ಬರುತ್ತೆ.”

ಶ್ರಾವಣ ಪೂರ್ತಿ ಬಿಡಲಿಲ್ಲ. ಆಮೇಲೆ ಪಿತೃಪಕ್ಷ ಬಂತು. ದಿನಕ್ಕೊಂದು ಮನೆ, ಬೆಳಗಾಗುವ ಮೊದಲೇ ಸ್ನಾನ, ಮಡಿ. ಆ ಪ್ಲಾಸ್ಟಿಕ್ ಬಾಟಲಿಯನ್ನು ಮಡಿಯಲ್ಲಿ ಮುಟ್ಟುವುದುಂಟೆ? ಅಡಿಗೆಗೆ ಮುಂಚೆ ಮೈಯೊಳಗೆ ಔಷಧ ಹೋಗುವುದುಂಟೆ? ಸಂಜೆ ಮನೆಗೆ ಬಂದರೆ ಚಾಪೆ ಕಂಡರೆ ಸಾಕು ಎನ್ನುವಂತಿರುತ್ತಿತ್ತು.

“ರೀ, ಔಷಧಕ್ಕೆಂಥ ಮಡಿ?” ಎಂದಳು ಗೋದಾ.

“ಹದಿನೈದೇ ದಿನ ಕಣೇ. ಮೂಗು ಚೆನ್ನಾಗೇ ಇದೆಯಲ್ಲ, ಎಲ್ಲಿಗೆ ಓಡಿಹೋಗುತ್ತೆ?”

ಓಡಿಹೋಗಲಿಲ್ಲ, ಮುಖದ ಮೇಲೆಯೇ ಇತ್ತು. ಒಂಬತ್ತನೆಯ ದಿನ ಕಟ್ಟಿಕೊಂಡಿತು. ಹನ್ನೆರಡನೆಯ ದಿನ ಬಸವನಗುಡಿಯ ಶೈಲಜಮ್ಮನವರ ಮನೆಯಲ್ಲಿ ತುಪ್ಪ ಕಾಯಿಸುವಾಗ ಆಚಾರ್ಯರಿಗೆ ಘಮವೇ ತಿಳಿಯಲಿಲ್ಲ.

ಆ ದಿನ ಶೈಲಜಮ್ಮನವರ ಗಂಡನ ಶ್ರಾದ್ಧ. ಉಣ್ಣುವ ಬ್ರಾಹ್ಮಣರು ಅಡಿಗೆಯನ್ನು ಚೆನ್ನಾಗಿದೆ ಎನ್ನುವಂತಿಲ್ಲ, ಕೆಟ್ಟಿದೆ ಎನ್ನುವಂತೆಯೂ ಇಲ್ಲ. ಆದರೆ ಎಲ್ಲ ಮುಗಿದ ಮೇಲೆ ಪ್ರತಿವರ್ಷ ಶೈಲಜಮ್ಮ ತಾಂಬೂಲ ಕೊಡುತ್ತಾ, “ಅವರಿದ್ದಿದ್ರೆ ಇನ್ನೊಂದು ದೊನ್ನೆ ಪಾಯಸ ಕೇಳ್ತಿದ್ರು ಆಚಾರ್ರೇ,” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಆಚಾರ್ಯರು ವರ್ಷವೆಲ್ಲ ಕಾಯುತ್ತಿದ್ದರು.

ಹೆಸರುಬೇಳೆ ಪಾಯಸ ಕುದಿಯುತ್ತಿತ್ತು. ವಡೆ ಕರಿಯಲು ಆಚೆ ತಿರುಗಿ ಬಂದು ಸೌಟು ಆಡಿಸಿದರೆ ತಳದಲ್ಲಿ ಏನೋ ಒರಟು ತಗುಲಿತು. ತಳ ಹಿಡಿಯಿತೇ? ಬೆಲ್ಲದ ಬಣ್ಣದಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಶಾಸ್ತ್ರ ಮರೆತು ಬಗ್ಗಿ ಉಸಿರೆಳೆದರು. ಬರೀ ಬಿಸಿ. ಯಾರನ್ನು ಕೇಳುವುದು? ಶ್ರಾದ್ಧದ ಪಾಯಸ ಮೂಸಿ ನೋಡಿ ಎಂದು ಯಾರಿಗೆ ಹೇಳುವುದು? ಇಬ್ಬರು ಬ್ರಾಹ್ಮಣರೂ ಎಲೆಯ ಮುಂದೆ ಕೂತಾಗಿತ್ತು. ಬೇರೆ ಪಾಯಸಕ್ಕೆ ಹೊತ್ತಿರಲಿಲ್ಲ. ದೇವರೇ ಎಂದು ಬಡಿಸಿದರು.

ಹಿರಿಯ ಬ್ರಾಹ್ಮಣರ ಕೈ ಬಾಯಿಯ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ತಲೆ ತಗ್ಗಿಸಿ ಉಂಡರು. ಎರಡನೇ ಸಲ ಬಡಿಸಲು ಹೋದಾಗ ಇಬ್ಬರೂ ಎಲೆಗೆ ಕೈ ಅಡ್ಡ ಹಿಡಿದರು.

ಮನೆಯವರ ಊಟವೂ ಆಯಿತು. ಶೈಲಜಮ್ಮ ತಾಂಬೂಲ ತಂದರು. ಆಚಾರ್ಯರಿಗೆ ತಡೆಯಲಾಗಲಿಲ್ಲ.

“ಅಮ್ಮಾ, ಪಾಯಸ…”

“ಶ್ರಾದ್ಧದ ಊಟಕ್ಕೆ ಹೆಸರಿಡಬಾರದು ಆಚಾರ್ರೇ.” ಆಕೆ ಅವರ ಮುಖ ನೋಡಲಿಲ್ಲ. “ನಿಮಗೂ ವಯಸ್ಸಾಯ್ತು. ಬರೋ ವರ್ಷದಿಂದ ಅಡಿಗೆಗೆ ವರದರಾಜನ್ನ ಕರೆಸ್ತೀವಿ. ನೀವು ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಚಾರ್ಯರು ಹಿತ್ತಲಿಗೆ ಹೋದರು. ಪಾಯಸದ ತಪ್ಪಲೆ ಕಲ್ಲಿನ ಮೇಲಿತ್ತು, ತಳ ಅಂಗೈಯಗಲ ಕಪ್ಪಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಅವರೇ ಎಷ್ಟು ಜನಕ್ಕೆ ಹೇಳಿದ್ದರೋ! ಹುಣಿಸೆಹಣ್ಣು ತೆಗೆದುಕೊಂಡು ತಾವೇ ತಿಕ್ಕತೊಡಗಿದರು.

ಒಳಗೆ ಶೈಲಜಮ್ಮನವರ ಮಗ ಶ್ರೀಹರಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. “ಅಮ್ಮಾ, ಸೀದ ವಾಸನೆ ಇನ್ನೂ ಹೋಗಿಲ್ಲ. ಕಿಟಕಿ ತೆಗೀತೀನಿ.”

ಒಂದಾದ ಮೇಲೊಂದು ಕಿಟಕಿ ತೆರೆದ ಸದ್ದು ಕೇಳಿತು. ಆಚಾರ್ಯರು ಕೈ ನಿಲ್ಲಿಸಿ, ತಪ್ಪಲೆಯೊಳಗೆ ಮುಖವಿಟ್ಟು, ಇನ್ನೊಂದು ಸಲ ಉಸಿರೆಳೆದು ನೋಡಿದರು.