ಸೀಕರಣಿ ವಿಜ್ಞಾನಿ

ಕ್ಷಿಪಣಿಯ ಮೂತಿಯಲ್ಲಿ ಒಂದು ಕಣ್ಣಿರುತ್ತದೆ. ಗುರಿಯನ್ನು ಹುಡುಕಿ ಹಿಡಿಯುವ ಆ ಯಂತ್ರಕ್ಕೆ ಅದನ್ನು ಮಾಡುವವರ ಬಾಯಲ್ಲಿ ಸೀಕರ್ ಎಂದು ಹೆಸರು. ಟಿಕೋಟಾದ ಅರುಣಕುಮಾರ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಹತ್ತು ವರ್ಷದಿಂದ ಆ ಕಣ್ಣಿನ ಬೆನ್ನು ಹತ್ತಿದ್ದ. ಮೊದಮೊದಲು ಅದು ಏನನ್ನೂ ನೋಡಲೊಲ್ಲದು. ಆಮೇಲೆ ಇಲ್ಲದ್ದನ್ನೆಲ್ಲ ನೋಡತೊಡಗಿತು. ಒಮ್ಮೆಯಂತೂ ಗುರಿಯನ್ನು ಬಿಟ್ಟು ಸೂರ್ಯನ ಕಡೆಗೇ ಹೊರಟುಬಿಟ್ಟಿತ್ತು. ಅಂತೂ ಅದು ಹೇಳಿದ ಮಾತು ಕೇಳುವಷ್ಟು ಶಾಣ್ಯಾ ಆಗುವ ಹೊತ್ತಿಗೆ ಅರುಣಕುಮಾರನ ಹಣೆ ನೆತ್ತಿಯವರೆಗೆ ಬೆಳೆದಿತ್ತು. ಮನೆಯವರಿಗೆ ಅವನ ಲಗ್ನದ ಚಿಂತೆ ಹತ್ತಿತು.

ಕೆಲಸದ ಮಾತನ್ನು ಹೊರಗೆ ಹೆಚ್ಚು ಆಡುವಂತಿರಲಿಲ್ಲ. ಗೋಳಗುಮ್ಮಟದ ಹತ್ತಿರ ಭಾಂಡೆ ಅಂಗಡಿ ಇಟ್ಟಿದ್ದ ಕಾಕಾ ಸಂಗನಬಸವ ಒಂದು ದಿನ ಫೋನು ಮಾಡಿ, "ಹುಡುಗಿ ಕಡಿಯವ್ರು ಕೇಳಾಕತ್ತಾರೋ, ನೀ ಅಲ್ಲಿ ಖರೇನ ಏನ್ ಮಾಡ್ತಿ?" ಎಂದ.

"ಸೀಕರ್ ಮ್ಯಾಲೆ ಕೆಲಸ, ಕಾಕಾ. ಹೆಚ್ಚಿಗಿ ಹೇಳಂಗಿಲ್ಲ."

ಅದೇ ಗಳಿಗೆಗೆ ಅಂಗಡಿಯಲ್ಲಿ ಯಾರೋ ಗಿರಾಕಿ ತಾಮ್ರದ ಹಂಡೆಯನ್ನು ಬಡಿದು ನೋಡುತ್ತಿದ್ದ. ಕಾಕಾನ ಕಿವಿಗೆ ಬಿದ್ದದ್ದು ಸೀಕರಣಿ. ಮಾವಿನಹಣ್ಣು ಹಿಂಡಿ, ಹಾಲು ಬೆಲ್ಲ ಹಾಕಿ ಮಾಡುವ ಸೀಕರಣಿ. ಸೈನಿಕರಿಗೆ ಕೆಡದ ಊಟ ತಯಾರಿಸುವ ವಿಜ್ಞಾನಿಗಳೂ ಇರುತ್ತಾರೆಂದು ಕಾಕಾ ಎಲ್ಲೋ ಓದಿದ್ದ. ಎರಡನ್ನೂ ಕೂಡಿಸಿದ, ಬರೋಬ್ಬರಿ ಕೂತಿತು.

ಹುಡುಗಿ ಬಬಲೇಶ್ವರದ ದ್ರಾಕ್ಷಿ ವ್ಯಾಪಾರಿ ಶಂಕ್ರೆಪ್ಪನ ಮಗಳು ಶಾಂಭವಿ. ವಿಜಯಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಗೆಳೆಯನೊಬ್ಬನ ಮದುವೆಯ ಪಂಕ್ತಿಯಲ್ಲಿ ಅರುಣಕುಮಾರ ಪಕ್ಕಕ್ಕೆ ಕೂತು, ತನ್ನದು ಕ್ಷಿಪಣಿಯ ಕೆಲಸ, ಬಹಳ ಸಲ ಗುರಿ ತಪ್ಪುತ್ತದೆ ಎಂದಾಗ, "ನನ್ನ ವಿದ್ಯಾರ್ಥಿಗಳೂ ಹಂಗ ಅದಾರ ಬಿಡ್ರಿ" ಎಂದು ನಕ್ಕಿದ್ದಳು. ಅವತ್ತೇ ಅವನು, ಮದುವೆಯೆಂದಾದರೆ ಇವಳ ಜೊತೆಗೇ ಎಂದುಕೊಂಡಿದ್ದ. ಅವಳೂ ಹಾಗೇ ಅಂದುಕೊಂಡಿದ್ದಾಳೆಂದು ಆಮೇಲೆ ಗೊತ್ತಾಯಿತು.

ಉಳಿದದ್ದು ಅವಳ ಅಜ್ಜಿ ದುಂಡವ್ವ, ಮನೆಯವರಿಗೆಲ್ಲ ಆಯಿ. ಆಯಿ ಹ್ಞೂಂ ಅನ್ನದೆ ಆ ಮನೆಯಲ್ಲಿ ಹಾಲು ಕೂಡ ಉಕ್ಕುತ್ತಿರಲಿಲ್ಲ. ಬ್ಯಾಂಕಿನ ವರ ಸಿಳ್ಳೆ ಹಾಕುತ್ತಾನೆಂದು ಬೇಡವಾದ. ಗುತ್ತಿಗೆದಾರ ವರ ಚಹಾ ಸೊರ್ರೆಂದು ಕುಡಿದನೆಂದು ಬೇಡವಾದ. ಸೀಕರಣಿಯ ಸುದ್ದಿ ಮುಟ್ಟಿದ ದಿನ ಮಾತ್ರ ಆಯಿ, "ನಮ್ಮ ಹುಡುಗಿಗಿ ನೀರು ಕಾಸಾಕ ಬರಂಗಿಲ್ಲ. ಅಡಗಿ ಮಾಡಿ ಹಾಕಾಂವ ಸಿಕ್ಕಾನ, ಕರೀರಿ" ಎಂದಳು.

ಕಾಕಾನ ಜೊತೆ ಅರುಣಕುಮಾರ ಹೋಗಿ ಜಮಖಾನದ ಮೇಲೆ ಕೂತ. ಅವಲಕ್ಕಿ ಆಯಿತು, ಚಹಾ ಆಯಿತು; ಅವನು ಸಪ್ಪಳವಿಲ್ಲದೆ ಕುಡಿದ. ಆಯಿ ಮೆಚ್ಚಿ ತಲೆ ಆಡಿಸಿದಳು.

"ಶ್ರಾವಣದಾಗ ಮಠಕ್ಕ ಪುರಾಣ ಕೇಳಾಕ ಹೋಗ್ತೀನಿ ತಮ್ಮಾ. ಅಸ್ತ್ರ ಬಿಟ್ಟಾಂವನ ಮನಿ ಉದ್ಧಾರ ಆಗಿದ್ದು ಒಂದು ಪುರಾಣದಾಗೂ ಕೇಳಿಲ್ಲ. ಮಿಲ್ಟ್ರಿಯಾಗ ಇದ್ದೂ ನೀ ಚೊಲೋ ಕೆಲಸ ಹಿಡದಿ. ಹಸದವರ ಹೊಟ್ಟಿ ನೋಡೂ ಕೆಲಸ."

ಅರುಣಕುಮಾರನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಶಂಕ್ರೆಪ್ಪ ಒಂದು ಬುಟ್ಟಿ ಮಾವಿನಹಣ್ಣು, ಬೆಲ್ಲದ ಡಬ್ಬಿ, ಹಾಲಿನ ಗಡಿಗೆ ತಂದು ಮುಂದಿಟ್ಟ.

"ಆಯಿಗಿ ನಿಮ್ಮ ಕೈಯಾಂದು ಸೀಕರಣಿ ತಿನ್ನೂ ಆಸೆ ಆಗೇತ್ರಿ."

ಜೇಬಿನಲ್ಲಿ ಫೋನು ಮಿಡುಕಿತು. ಒಳಮನೆಯಿಂದ ಶಾಂಭವಿ ಬರೆದಿದ್ದಳು: "ಸೀಕರ್ ಅಂದದ್ದು ಸೀಕರಣಿ ಆಗೈತಿ. ಆಯಿ ಒಪ್ಪ್ಯಾಳ. ಸುಮ್ಮನ ಮಾಡ್ರಿ. ಏಲಕ್ಕಿ ಕೊನಿಗಿ."

ಅರುಣಕುಮಾರ ಅಂಗಿಯ ತೋಳು ಏರಿಸಿದ. ಹಣ್ಣು ಹಿಂಡಿದ, ಮೊದಲನೆಯದು ಕೈಯಿಂದ ಜಾರಿ ಕಾಕಾನ ಧೋತರದ ಮೇಲೆ ಬಿತ್ತು.

"ಟೆಸ್ಟಿಂಗ್ ನಡದೈತ್ರಿ" ಎಂದ ಕಾಕಾ, ಹೆಮ್ಮೆಯಿಂದ.

ಹತ್ತು ವರ್ಷದ ಪ್ರಯೋಗಾಲಯದ ಬುದ್ಧಿ, ಅಪಾಯವಿರಬಾರದೆಂದು ಹಾಲನ್ನು ಕುದಿಸಿ ತರಿಸಿದ. ಬಿಸಿಬಿಸಿಯಾಗಿಯೇ ಹುಳಿ ರಸಕ್ಕೆ ಸುರಿದ. ಕಣ್ಣೆದುರೇ ಹಾಲು ಒಡೆದು, ಪಾತ್ರೆಯಲ್ಲಿ ಹಳದಿ ನೀರೊಂದು ಕಡೆ, ಗಡ್ಡೆಯೊಂದು ಕಡೆ ಆಯಿತು. ಅವನು ಕೊನೆಗೆ ಏಲಕ್ಕಿ ಹಾಕಿದ.

ಆಯಿ ಒಂದು ಚಮಚ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ನುಂಗಲಿಲ್ಲ.

"ಇದನ್ನ ಸೈನಿಕರಿಗಿ ಕೊಡ್ತೀರಿ?"

"ವೈರಿ ಸೈನಿಕರಿಗ್ರಿ" ಎಂದುಬಿಟ್ಟ ಕಾಕಾ.

ಬಾಗಿಲ ಮರೆಯಲ್ಲಿ ಶಾಂಭವಿ ಬೇಡವೆಂದು ಕೈ ಆಡಿಸುತ್ತಿದ್ದಳು. ಅರುಣಕುಮಾರ ಅವಳನ್ನು ನೋಡಿದ, ಆಯಿಯನ್ನು ನೋಡಿದ. ಅಂಥಾದ್ದನ್ನು ಬಾಯಿಗಿಟ್ಟುಕೊಂಡೂ ಬೈಯದೆ ಕೂತ ಮುದುಕಿಗೆ ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಆಯಿ, ನನಗ ಸೀಕರಣಿ ಮಾಡಾಕ ಬರಂಗಿಲ್ಲ. ನಾ ಮಾಡೂದು ಸೀಕರ್. ಅದು ಬಾಣದ ಕಣ್ಣು. ನೀವು ಪುರಾಣದಾಗ ಕೇಳಿದ್ರಲ್ಲ, ಅಸ್ತ್ರ, ಅದರದ ಕೆಲಸ."

ಶಂಕ್ರೆಪ್ಪ ಮಾವಿನ ಬುಟ್ಟಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಆಯಿ ಚಮಚ ಕೆಳಗಿಟ್ಟಳು.

"ಇಲ್ಲೀತನ ಎಲ್ಲಿ ಬಿದ್ದಾವು ನಿನ್ನ ಬಾಣ?"

"ಸಮುದ್ರದಾಗ, ಆಯಿ."

"ಎಲ್ಲಾನೂ?"

"ಎಲ್ಲಾನೂ. ಪರೀಕ್ಷಾ ಮಾಡೂದು ಅಲ್ಲೇ."

"ಹತ್ತು ವರ್ಷ ಸಮುದ್ರಕ್ಕ ಒಗದು ಪಗಾರ ತಗೊಂಡಾನ, ಶಂಕ್ರೂ! ಕೇಳಿದೇನೋ?" ಎಂದು ಮಗನ ಕಡೆ ತಿರುಗಿದವಳು, ಮತ್ತೆ ಇವನ ಕಡೆ ತಿರುಗಿದಾಗ ನಗುತ್ತಿರಲಿಲ್ಲ. "ಕಣ್ಣು ಯಾಕ ಬೇಕು ಅದಕ್ಕ?"

"ಕಣ್ಣಿಲ್ಲದ ಬಾಣ ಸಾಲಿ ಮ್ಯಾಲೂ ಬೀಳತೈತಿ, ದವಾಖಾನಿ ಮ್ಯಾಲೂ ಬೀಳತೈತಿ. ಹಂಗ ಆಗಬಾರದು ಅಂತ."

"ಬಿಟ್ಟ ಮ್ಯಾಲೆ ಹೊಳ್ಳಿ ಕರಿಯೂ ಮಂತ್ರ ಐತೇನು?"

"ಕರಿಯಾಕ ಬರಂಗಿಲ್ಲ. ಆದ್ರ ಪರೀಕ್ಷಾದಾಗ ಹಾದಿ ತಪ್ಪಿದ್ರ ನಡುವ ಒಡದು ಹಾಕೂ ಗುಂಡಿ ಐತಿ. ಅದನ್ನ ಒತ್ತಾಕ ಬ್ಯಾರೆ ಒಬ್ಬಾಂವ ಕುಂತಿರ್ತಾನ."

ಆಯಿಯ ಮುಖ ಅರಳಿತು. ಪುರಾಣದಲ್ಲಿ ಇಷ್ಟು ವರ್ಷ ಹುಡುಕಿದ, ಬಿಟ್ಟ ಅಸ್ತ್ರವನ್ನು ತಡೆಯುವವನು ಕೊನೆಗೂ ಸಿಕ್ಕಂತೆ ಅವಳು ಮುಂದಕ್ಕೆ ಬಾಗಿದಳು.

"ಆ ಗುಂಡಿ ಒತ್ತಾಂವಗ ಲಗ್ನ ಆಗೈತೇನು?"

"ಆಯೀ!" ಶಾಂಭವಿ ಮರೆ ಬಿಟ್ಟು ಹೊರಗೇ ಬಂದಳು. "ನನಗ ಮದಲ ಗೊತ್ತಿತ್ತು ಇವರು ಬಾಣದವ್ರು ಅಂತ. ನನಗ ಇವರ ಬೇಕು."

"ನೀ ಸುಮ್ನಿರ ಬೇ, ನಿನ್ನ ವಿಚಾರ ಆಮ್ಯಾಲ ಐತಿ. ತಮ್ಮಾ, ಖರೇ ಹೇಳು."

ಅರುಣಕುಮಾರನಿಗೆ ಇದಕ್ಕೆ ಸುಳ್ಳಿನ ಅಗತ್ಯವೇ ಬೀಳಲಿಲ್ಲ.

"ಆಗೈತಿ, ಆಯಿ. ಮೂರು ಮಕ್ಕಳದಾವು."

ಆಯಿ ದೊಡ್ಡದೊಂದು ಉಸಿರು ಬಿಟ್ಟಳು.

"ಏನ್ ಮಾಡೂದು, ಚೊಲೋ ವರ ಎಲ್ಲಾ ಮದಲ ಹೋಗಿಬಿಟ್ಟಿರ್ತಾವು. ಶಂಕ್ರೂ, ಇವಂಗ ಸಕ್ಕರಿ ಕೊಟ್ಟು ಲಗ್ನ ಗಟ್ಟಿ ಮಾಡು. ಆ ಪಾತ್ರಿ ಎಮ್ಮಿಗಿ ಇಡು. ಅದು ತಿಂದ್ರ ತಿನ್ನಲಿ."