ಒಂಟಿಕಾಲಲ್ಲಿ ಹತ್ತು ಸೆಕೆಂಡು

ಮೂವತ್ತೊಂದು ವರ್ಷ ಕಂಡಕ್ಟರಾಗಿ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವರು ಅಪ್ಪ. ಅಂಥವರು ಬಿದ್ದದ್ದು ಅಲ್ಲಾಡದ ನೆಲದ ಮೇಲೆ, ಅದೂ ತಮ್ಮದೇ ಮನೆಯ ಅಡುಗೆಮನೆಯಲ್ಲಿ, ಕೈಯಲ್ಲಿ ಖಾಲಿ ಲೋಟ ಹಿಡಿದುಕೊಂಡು. ಮೂಳೆ ಮುರಿಯಲಿಲ್ಲ. ಲೋಟ ನೆಗ್ಗಿತು, ಮೊಣಕೈ ಊದಿತು, ಮಾನ ಹೋಯಿತು. ಮೂರರಲ್ಲಿ ಯಾವುದು ಹೆಚ್ಚು ನೋಯುತ್ತಿದೆ ಎಂದು ಮಗಳು ಕೇಳಬೇಕಾಗಿರಲಿಲ್ಲ.

"ನೆಲ ಜಾರ್ತು," ಅಂದರು ಅಪ್ಪ.

"ನೆಲ ಒಣಗಿತ್ತಪ್ಪ."

"ಹಾಗಾದ್ರೆ ನೆಲ ಅಲ್ಲಾಡ್ತು."

ಇದು ಎರಡನೆಯ ಸಲ. ಮೊದಲ ಸಲ ಬಿದ್ದದ್ದು ರಸ್ತೆಯ ಮೂಲೆಯಲ್ಲಿ. ದಾರಿಹೋಕರಿಬ್ಬರು ಎತ್ತಿ ಕೂರಿಸಿ, ನೀರು ಕುಡಿಸಿ, ಮನೆತನಕ ಬಿಟ್ಟುಹೋಗಿದ್ದರು. ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದ ಮಗಳು ಈ ಸಲ ಅಪ್ಪನ ಬಳಿಯಿದ್ದ ಮುಂಬಾಗಿಲಿನ ಕೀಲಿ ತೆಗೆದು ತನ್ನ ಅಳತೆಪಟ್ಟಿ ನೇತುಹಾಕುವ ಮೊಳೆಗೆ ಸಿಕ್ಕಿಸಿಬಿಟ್ಟಳು. ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಹೊಲಿದದ್ದು ಒಂದು ಕಡೆ, ಹೊಲಿಯಬೇಕಾದದ್ದು ಮೂರು ಕಡೆ. ಬಾಗಿಲಿಗೆ ಹೋಗಬೇಕೆಂದರೆ ಅಪ್ಪ ಅವಳ ಮುಂದೆಯೇ ಹಾದು ಹೋಗಬೇಕು.

ಅಪ್ಪನ ಬೆಳಗ್ಗಿನ ನಡಿಗೆ ಹಾಗೆ ನಿಂತಿತು. ನಡಿಗೆ ಎಂದರೆ ಬರಿಯ ನಡಿಗೆಯೇ? ಹಳೆಯ ಬಸ್ ನಿಲ್ದಾಣದವರೆಗೆ ಹೋಗುವುದು, ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಕಾಯುವ ಬ್ರೇಕ್ ಮಾಮನ ಜೊತೆ ಒಂದು ಟೀ ಕುಡಿಯುವುದು, ಹೊರಡುವ ಬಸ್ಸುಗಳನ್ನು ನೋಡಿ ಈಗಿನ ಡ್ರೈವರುಗಳಿಗೆ ಏನೂ ಬರುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಂಡು ಏಳುವುದು. ಬ್ರೇಕ್ ಮಾಮ ಅಪ್ಪನ ಬಸ್ಸಿನ ಡ್ರೈವರು. ಆತ ಬ್ರೇಕ್ ಹಾಕಿದರೆ ಹಿಂದಿನ ಸೀಟಿನವರು ಮುಂದಿನವರ ಕ್ಷೇಮಸಮಾಚಾರ ಕೇಳುವಂತಾಗುತ್ತಿತ್ತು. ಹೆಸರು ಬಂದದ್ದು ಹಾಗೆ. ನಡಿಗೆಯಿಂದ ಮರಳಿದ ಅಪ್ಪನ ಬಾಯಲ್ಲಿ ದಿನಕ್ಕೆ ಮೂರು ಸುದ್ದಿಯಾದರೂ ಇರುತ್ತಿದ್ದವು. ಈಗ ಬಾಯಿಗೆ ಬೀಗ. ಹಗಲು ತೂಕಡಿಸುತ್ತಿದ್ದರು, ಊಟಕ್ಕೆ ಕರೆದರೆ ಸಿಡುಕುತ್ತಿದ್ದರು. ಕಾಲಿಗೆ ಹಾಕಿದ ಬೀಗ ಮನಸ್ಸಿಗೂ ಬೀಳುತ್ತದೆ ಎಂದು ಮಗಳಿಗೆ ಹೊಳೆದಿರಲಿಲ್ಲ.

ವ್ಯಾಯಾಮ ಹೇಳಿಕೊಡುವ ಮೇಡಂ ಹತ್ತಿರ ಅವರನ್ನು ಕರೆದುಕೊಂಡು ಹೋದದ್ದು ಅದಕ್ಕೇ. ಆಸ್ಪತ್ರೆಯ ಹಿಂಬದಿಯಲ್ಲಿ ಉದ್ದನೆಯ ಕೋಣೆ. ಗೋಡೆಗುಂಟ ಹಿಡಿಕೋಲು, ಮೂಲೆಯಲ್ಲಿ ರಬ್ಬರ್ ಚೆಂಡುಗಳು, ಮೇಜಿನ ಮೇಲೆ ಅಂಗೈಯಗಲದ ಟೈಮರ್. ಅದರ ತಲೆಯ ಗುಂಡಿ ಒತ್ತಿದರೆ 'ಟಿಂಗ್' ಎಂದು ಶುರು, ಮತ್ತೆ ಒತ್ತಿದರೆ 'ಟಿಂಗ್' ಎಂದು ಬಂದ್.

ಮೇಡಂ ಅಪ್ಪನನ್ನು ನಡೆಸಿ ನೋಡಿದರು. ಕೈ ಊರದೆ ಕುರ್ಚಿಯಿಂದ ಏಳಿ ಎಂದರು. ಎರಡು ಸಲ ಎದ್ದು ಮೂರನೆಯದಕ್ಕೆ ಅಪ್ಪ ಕುರ್ಚಿಯ ಕೈ ಹಿಡಿದರು. ಆಮೇಲೆ ಒಂಟಿಕಾಲು. ಅಪ್ಪ ಎಡಗಾಲು ಎತ್ತಿದರು. ಟಿಂಗ್. ಕಾಲು ಕೆಳಗೆ. ಮತ್ತೆ ಎತ್ತಿದರು. ಟಿಂಗ್. ಮತ್ತೆ ಕೆಳಗೆ.

"ಎರಡು ಸೆಕೆಂಡೂ ಇಲ್ವಲ್ಲ ಯಜಮಾನ್ರೇ."

"ನಾನು ದಿನಾ ನಡೀತಿದ್ದೆ ಮೇಡಂ. ನಿಲ್ಸಿದ್ದು ಈ ಹಾಫ್ ಟಿಕೆಟ್ಟು."

ಹಾಫ್ ಟಿಕೆಟ್ಟಿಗೆ ನಲವತ್ತೆರಡು ವರ್ಷ.

"ನಡಿಗೆ ಒಳ್ಳೇದೇ. ಎದೆಗೆ ಒಳ್ಳೇದು, ನಿದ್ದೆಗೆ ಒಳ್ಳೇದು, ಮನಸ್ಸಿಗಂತೂ ಹೇಳೋದೇ ಬೇಡ. ಆದ್ರೆ ಅದೊಂದೇ ಎಲ್ಲಾ ಕೆಲಸ ಮಾಡಲ್ಲ. ಬಸ್ಸಿಗೆ ಡ್ರೈವರ್ ಒಬ್ನೇ ಸಾಕಾ?"

"ಡ್ರೈವರ್ ಹಾಗೇ ಅಂದ್ಕೊಂಡಿರ್ತಾನೆ," ಅಂದರು ಅಪ್ಪ. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು.

ಮೇಡಂ ನಕ್ಕು ಬೆರಳು ಮಡಚಿದರು. ಕುರ್ಚಿಯಿಂದ ಎದ್ದು ಕೂರುವುದು ತೊಡೆಯ ಬಲಕ್ಕೆ. ಬೀಳುವವನನ್ನು ಹಿಡಿದುಕೊಳ್ಳುವುದು ತೊಡೆಯೇ. ಕೈಕಾಲು ಚಾಚುವುದು ಬಿಗಿದುಕೊಂಡ ಕೀಲಿಗೆ. "ಒಂಟಿಕಾಲು ಇದೆಯಲ್ಲ, ಅದು ಕಾಲಿಗಿಂತ ಹೆಚ್ಚು ತಲೆಗೆ. ಒಂದ್ಸಲ ಬಿದ್ದವರಿಗೆ ಭಯ ಕೂತುಬಿಡತ್ತೆ. ಭಯ ಆದ್ರೆ ಮೈ ಬಿಗಿಯತ್ತೆ, ಮೈ ಬಿಗಿದ್ರೆ ಮತ್ತೆ ಬೀಳ್ತೀವಿ. ಮೂರು ವಾರ ಮಾಡಿ ಬನ್ನಿ. ಹತ್ತು ಸೆಕೆಂಡು ನಿಂತ್ರೆ ಒಬ್ರೇ ಓಡಾಡಬಹುದು."

"ಕೀಲಿ ಕೊಡ್ತಾಳಾ?"

"ನಾನೇ ಕೊಡಿಸ್ತೀನಿ." ಮೇಡಂ ಹಾಗೆಂದು ಮಗಳ ಹೆಗಲ ಮೇಲೆ ಕೈಯಿಟ್ಟವರು ಹುಬ್ಬೇರಿಸಿದರು. "ಇದೇನಮ್ಮ, ಭುಜಾನಾ ಇಸ್ತ್ರಿಪೆಟ್ಟಿಗೇನಾ? ನೀವೂ ಅವರ ಜೊತೆ ಮಾಡಿ."

ಮಾಡಬೇಕಂತೆ. ಬೆಳಗ್ಗೆ ತನ್ನ ಮಗಳು ಗುಬ್ಬಿಯನ್ನು ಶಾಲೆಗೆ ಕಳಿಸಿ, ಒಂಬತ್ತು ಗಂಟೆ ಕಾಲ ಯಂತ್ರದ ಮುಂದೆ ಬಗ್ಗಿ, ಸಂಜೆ ಪಾತ್ರೆ ತೊಳೆದು, ಅದರ ನಡುವೆ ವ್ಯಾಯಾಮವನ್ನೂ ಎಲ್ಲಿ ತುರುಕುವುದು? ಆದರೆ ಜೊತೆಗೆ ಯಾರಾದರೂ ನಿಲ್ಲದಿದ್ದರೆ ಅಪ್ಪ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಹಾಗಾಗಿ ಹನ್ನೊಂದು ಗಂಟೆಗೆ ಗಿರಾಕಿಗಳು ಇಲ್ಲದ ಹೊತ್ತು ನೋಡಿ ಇಬ್ಬರೂ ಶುರುಮಾಡಿದರು. ಕುರ್ಚಿಯಿಂದ ಏಳು, ಕೂರು. ಮೇಜಿನ ಅಂಚು ಹಿಡಿದು ಹಿಮ್ಮಡಿ ಎತ್ತು, ಇಳಿಸು. ಭುಜ ಹಿಂದಕ್ಕೆ ತಿರುಗಿಸು. ಮುಂದಿನ ಕೋಣೆಯಿಂದ ಹಿತ್ತಲ ಬಾಗಿಲಿಗೆ, ಅಲ್ಲಿಂದ ಇಲ್ಲಿಗೆ.

"ಇದೇನು ನಡಿಗೆನಾ?" ಎಂದು ಅಪ್ಪ ಗೊಣಗುತ್ತಿದ್ದರು. "ಒಂದೇ ಸ್ಟಾಪಿಗೆ ಹೋಗೋದು ಬರೋದು."

ಮೊದಲ ವಾರ ತೊಡೆ ನೋಯುತ್ತದೆ ಎಂದರು. ಎರಡನೆಯ ವಾರ ನೋಯುತ್ತದೆ ಎನ್ನುವುದನ್ನೇ ಮರೆತರು. ಮಗಳಿಗೂ ಒಂದು ಬೆಳಗ್ಗೆ ಏನೋ ಕಳೆದುಹೋದಂತೆ ಅನಿಸಿತು. ಹುಡುಕಿ ನೋಡಿದರೆ ವರ್ಷಗಟ್ಟಲೆ ಕತ್ತಿನಲ್ಲಿ ಬಾಡಿಗೆಗಿದ್ದ ನೋವು. ಅಳತೆಯನ್ನು ನಾಲ್ಕನೆಯ ಸಲ ಬದಲಿಸಿದ ಗಿರಾಕಿಯ ಮೇಲೆ ಅವಳು ಅಂದು ರೇಗಲಿಲ್ಲ. ಗಿರಾಕಿಯೇ ಗಾಬರಿಯಾಗಿ, "ಮೈಗೆ ಹುಷಾರಿಲ್ವಾ ಅಕ್ಕ?" ಎಂದು ಕೇಳಿ ಹೋದಳು.

ಒಂಟಿಕಾಲು ಮಾತ್ರ ಆಗುತ್ತಿರಲಿಲ್ಲ. ಅಪ್ಪ ಕಾಲು ಎತ್ತಿದ ಕೂಡಲೇ ನೆಲ ನೋಡುತ್ತಿದ್ದರು; ನೆಲ ನೋಡಿದ ಕೂಡಲೇ ನಡುಗುತ್ತಿದ್ದರು. ಆ ದಿನ ಮಗಳು ಒಂದು ಅಂಚು ಹೊಲಿಯುತ್ತ ಅದನ್ನು ನೋಡಿದವಳು ಯಂತ್ರ ನಿಲ್ಲಿಸಿದಳು. ನೆಲ ನೋಡುತ್ತ ನಡುಗುವ ಕಾಲನ್ನು ಅವಳು ಹಿಂದೊಮ್ಮೆ ಕಂಡಿದ್ದಳು. ಅದು ಅವಳದೇ ಕಾಲು.

ಅಮ್ಮ ಆಗಿನ್ನೂ ಇದ್ದಳು, ಆಸ್ಪತ್ರೆಯಲ್ಲಿ ನರ್ಸು. ಶಾಲೆಗೆ ರಜೆ ಬಂದರೆ, ಅಮ್ಮನಿಗೆ ಹಗಲು ಡ್ಯೂಟಿ ಬಿದ್ದರೆ, ಏಳು ವರ್ಷದ ಹುಡುಗಿ ಅಪ್ಪನ ಬಸ್ಸಿನಲ್ಲೇ ದಿನ ಕಳೆಯಬೇಕು. ಡೀಸೆಲ್ ವಾಸನೆ, ಕಾದ ಸೀಟಿನ ವಾಸನೆ, ಅಪ್ಪನ ಚರ್ಮದ ಚೀಲದ ಬೆವರು ವಾಸನೆ. ಚಾವಣಿಗುಂಟ ಒಂದು ಹಗ್ಗ. ಅದನ್ನು ಎಳೆದರೆ ಡ್ರೈವರಿನ ತಲೆಯ ಮೇಲಿನ ಗಂಟೆ ಹೊಡೆಯುತ್ತಿತ್ತು. ಅಪ್ಪ ಅವಳನ್ನು ಎತ್ತಿ ಹಿಡಿದು ಎಳೆಯಲು ಬಿಡುತ್ತಿದ್ದರು. "ಒಂದು ಹೊಡೆದ್ರೆ ನಿಲ್ಸು. ಎರಡು ಹೊಡೆದ್ರೆ ಹೊರಡು. ಮೂರು ಹೊಡೆದ್ರೆ ಬ್ರೇಕ್ ಮಾಮ ಎದ್ದು ಬಂದು ಕಿವಿ ಹಿಂಡ್ತಾನೆ." ಅವಳು ಒಮ್ಮೆ ಮೂರು ಹೊಡೆದಿದ್ದಳು. ಮಾಮ ಎದ್ದೂ ಬಂದಿದ್ದ, ಹಿಂಡಿದ್ದು ಅಪ್ಪನ ಕಿವಿ.

ಅಪ್ಪ ಮಾತ್ರ ಯಾವುದನ್ನೂ ಹಿಡಿಯುತ್ತಿರಲಿಲ್ಲ. ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು, ಇನ್ನೊಂದು ಕೈ ಚೀಲದೊಳಗೆ, ಬಸ್ಸು ಹೊರಳಿದ ಕಡೆಗೆ ಅವರೂ ಹೊರಳಿ, ನೀರಿನಲ್ಲಿ ನಿಂತ ಜೊಂಡಿನ ಹಾಗೆ ಮತ್ತೆ ನೆಟ್ಟಗೆ. ತಾನೂ ಹಾಗೆ ನಿಲ್ಲುತ್ತೇನೆಂದು ಹಟ ಹಿಡಿದ ದಿನ ಅವಳ ಕಾಲು ನಡುಗಿತ್ತು, ಕಣ್ಣು ನೆಲಕ್ಕೆ ಅಂಟಿತ್ತು. ಅಪ್ಪ ಕೆನ್ನೆ ಹಿಡಿದು ಮುಖ ಎತ್ತಿದ್ದರು.

ಈಗ ಅವಳು ಎದ್ದು ಬಂದು ಅಪ್ಪನ ಗಲ್ಲ ಹಿಡಿದು ಎತ್ತಿದಳು. "ಕಾಲು ನೋಡ್ಬೇಡ. ಕಾಲಿಗೆ ಅದರ ಕೆಲಸ ಗೊತ್ತು. ಕಣ್ಣು ದೂರ ಇಡು, ಮಂಡಿ ಸಡಿಲ ಬಿಡು."

"ಇದು ಯಾರು ಹೇಳಿದ್ದು?"

"ಯಾರೋ ಕಂಡಕ್ಟರ್ರು."

ಅಪ್ಪ ಕಿಟಕಿಯಾಚೆ ಎದುರು ಮನೆಯ ಮಾಳಿಗೆಯ ನೀರಿನ ತೊಟ್ಟಿಯನ್ನು ನೋಡಿದರು. ಕಾಲು ಎತ್ತಿದರು. ಅವಳು ಮೆಲ್ಲಗೆ, "ಗೋದಾಮಿನ ತಿರುವು ಬಂತು," ಅಂದಳು. ಅಪ್ಪನ ಸೊಂಟ ತಾನಾಗಿ ಎಡಕ್ಕೆ ವಾಲಿತು, ಮೈ ನೆಟ್ಟಗಾಯಿತು. "ಸೇತುವೆ. ಉಬ್ಬು. ಮಿಲ್ಲಿನ ಗೋಡೆ." ಮೈಯೊಳಗೆ ಆ ರಸ್ತೆ ಹಾಗೇ ಇತ್ತು. ಸೇತುವೆ ಅಗಲವಾಗಿ, ಮಿಲ್ಲು ಮುಚ್ಚಿ, ಆ ಬಸ್ಸು ಯಾವ ಗುಜರಿಯಲ್ಲಿ ಕರಗಿತೋ. ಅಪ್ಪನ ಸೊಂಟಕ್ಕೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಅಂದು ಆರು ಸೆಕೆಂಡು. ಮರುದಿನ ಒಂಬತ್ತು. ವಾರಾಂತ್ಯಕ್ಕೆ ಮೊಮ್ಮಗಳು ಗುಬ್ಬಿಯೂ ಸೇರಿಕೊಂಡು, ತಾನು ಕಣ್ಣಾರೆ ಕಾಣದ ದಾರಿಯನ್ನು ಗಿಳಿಯಂತೆ ಒಪ್ಪಿಸತೊಡಗಿದಳು. ಹದಿನೆಂಟರ ತನಕ ಎಣಿಸಿ, "ತಾತ, ಸಾಕು, ನಂಗೇ ಕಾಲು ನೋವು," ಅಂದಳು.

ಮೂರು ವಾರ ತುಂಬಿದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಮೇಡಂ ಕೋಣೆಯಲ್ಲಿ ಕುರ್ಚಿಯಿಂದ ಒಂಬತ್ತು ಸಲ ಎದ್ದರು, ಕೈ ಊರಲಿಲ್ಲ. ನಡಿಗೆ ನೇರ. "ಏನ್ ಯಜಮಾನ್ರೇ, ಹುಡುಗರ ಹಾಗೆ!" ಎಂದರು ಮೇಡಂ. ಅಪ್ಪ ಮಗಳ ಕಡೆ ನೋಡಿ ಹುಬ್ಬು ಕುಣಿಸಿದರು.

ಒಂಟಿಕಾಲು. ಎತ್ತಿದರು. ಟಿಂಗ್.

ಕಾಲು ಕೆಳಗೆ.

"ಗಡಿಬಿಡಿ ಬೇಡ. ಇನ್ನೊಂದ್ಸಲ."

ಟಿಂಗ್. ಕೆಳಗೆ.

ಮೂರನೆಯ ಸಲವೂ ಅಷ್ಟೇ. ಅಪ್ಪ ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾದಂತೆ ಕಂಡಿತು. "ಮನೇಲಿ ನಿಲ್ತಿದ್ದೆ ಮೇಡಂ," ಎಂದರು, ಶಾಲೆಗೆ ಪುಸ್ತಕ ಮರೆತು ಬಂದವರ ಧ್ವನಿಯಲ್ಲಿ.

"ಇರ್ಲಿ. ಇನ್ನೊಂದು ತಿಂಗಳು ನೋಡೋಣ."

ಇನ್ನೊಂದು ತಿಂಗಳು! ಮತ್ತೆ ಆ ತೂಕಡಿಕೆ, ಆ ಬೀಗ. ಅತ್ತ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತ ಬ್ರೇಕ್ ಮಾಮ. ಆದರೂ ಏನೋ ಮಗಳ ಕಣ್ಣಿಗೆ ಸಿಕ್ಕಿಕೊಂಡಿತ್ತು, ಬಟ್ಟೆಗೆ ಸೂಜಿ ಸಿಕ್ಕಿದಂತೆ. ಬೀಳುವವರ ಕಾಲು ಹಾಗೆ ಇಳಿಯುವುದಿಲ್ಲ. ಅಪ್ಪ ಓಲಾಡಿರಲಿಲ್ಲ, ನಡುಗಿರಲಿಲ್ಲ. ಮುಂಗಾಲು ಮೊದಲು, ಮಂಡಿ ಸಡಿಲ, ಬಲಗೈ ಇಷ್ಟೇ ಇಷ್ಟು ಮೇಲಕ್ಕೆ, ಅಲ್ಲಿಲ್ಲದ ಬಾಗಿಲಿನ ಹಿಡಿಕೆಯ ಕಡೆಗೆ. ಅದು ಬೀಳುವ ಕಾಲಲ್ಲ. ಇಳಿಯುವ ಕಾಲು.

ಅವಳಿಗೆ ಜೋರಾಗಿ ನಗು ಬಂತು. ಅಪ್ಪನ ಮುಖ ಇನ್ನಷ್ಟು ಇಳಿಯಿತು.

"ನಗು, ನಗು. ನಿಂಗೂ ಈ ವಯಸ್ಸು ಬಂದಾಗ ಗೊತ್ತಾಗತ್ತೆ."

"ಅಯ್ಯೋ, ಅದಲ್ಲಪ್ಪ! ಮೇಡಂ, ಅದನ್ನ ಎರಡು ಸಲ ಹೊಡೀರಿ."

"ಯಾವುದನ್ನ?"

"ಗಂಟೇನ. ನೀವು ಒಂದು ಹೊಡೀತಿದ್ದೀರಿ. ಒಂದು ಹೊಡೆದ್ರೆ ಸ್ಟಾಪು. ಇವರು ಇಳೀತಾರೆ."

ಮೇಡಂ ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, "ಹೌದಲ್ಲ!" ಎಂದರು. "ಮೂವತ್ತೊಂದು ವರ್ಷ ಮೇಡಂ. ಕಾಲು ನನ್ನ ಮಾತೆಲ್ಲಿ ಕೇಳತ್ತೆ? ಗಂಟೆ ಮಾತು ಕೇಳತ್ತೆ."

"ಎರಡು ಸಲ ಒತ್ತಿದ್ರೆ ನನ್ನ ಟೈಮರ್ ಓಡಲ್ಲವಲ್ಲ," ಎಂದ ಮೇಡಂ ಗೋಡೆಯ ಗಡಿಯಾರದ ಕಡೆ ತಿರುಗಿ ನಿಂತರು. ಅಪ್ಪ ಕಾಲು ಎತ್ತಿದರು. ಟಿಂಗ್ ಟಿಂಗ್.

"ರೈಟ್!" ಎಂದರು ಅಪ್ಪ, ತಡೆಯಲಾರದೆ.

ಗೋದಾಮಿನ ತಿರುವು, ಸೇತುವೆ, ಉಬ್ಬು, ಮಿಲ್ಲಿನ ಗೋಡೆ. ಮಗಳು ಬಾಯಿ ಬಿಡದೆ ಮನಸ್ಸಿನಲ್ಲೇ ಹೇಳಿಕೊಂಡಳು. ಅಪ್ಪನ ಸೊಂಟ ಅವಳು ಹೇಳಿದಲ್ಲೆಲ್ಲ ಸರಿಯಾಗಿ ವಾಲಿತು. ಇಬ್ಬರೂ ಒಂದೇ ಬಸ್ಸಿನಲ್ಲಿದ್ದರು.

"ಹತ್ತಾಯ್ತು," ಎಂದರು ಮೇಡಂ. "ಸಾಕು, ಇಳಿಸಿ."

"ಸ್ಟಾಪ್ ಬಂದಿಲ್ಲ."

ಹದಿನೈದು. ಇಪ್ಪತ್ತು. ಮೇಡಂ ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡರು. ಇಪ್ಪತ್ತಾರಕ್ಕೆ ಮಗಳೇ ಕೈಚಾಚಿ ಗುಂಡಿಯನ್ನು ಒಂದು ಸಲ ಒತ್ತಿದಳು. ಮುಂಗಾಲು ಮೊದಲು, ಮಂಡಿ ಸಡಿಲ, ಅಪ್ಪ ಇಳಿದರು.

ಮರುದಿನ ಬೆಳಗ್ಗೆ ಅವಳು ಮೊಳೆಯಿಂದ ಕೀಲಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. ಅಪ್ಪ ಚಪ್ಪಲಿ ಮೆಟ್ಟಿ, ಬಾಗಿಲು ತೆರೆದು, ಹೊಸ್ತಿಲಲ್ಲೇ ನಿಂತುಬಿಟ್ಟರು. ಎದುರಿಗೆ ಮೂರು ಮೆಟ್ಟಿಲು, ಆಮೇಲೆ ರಸ್ತೆ, ದೂರದಲ್ಲಿ ಅವರು ಬಿದ್ದಿದ್ದ ಮೂಲೆ. ಹೊರಡಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ.

ನಾನೂ ಬರಲಾ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಪುಣ್ಯಕ್ಕೆ ಬಾಯಿತುಂಬ ಗುಂಡುಪಿನ್ನುಗಳಿದ್ದವು. ಅವಳು ಕತ್ತರಿ ತೆಗೆದುಕೊಂಡು ಮೇಜಿನ ಕಬ್ಬಿಣದ ಅಂಚಿಗೆ ಎರಡು ಸಲ ಬಡಿದಳು.

ಅಪ್ಪನ ಬೆನ್ನು ನೆಟ್ಟಗಾಯಿತು. ಮೆಟ್ಟಿಲು ಇಳಿದರು.

ಮಗಳು ಬಾಗಿಲಿಗೆ ಬಂದು ನಿಂತಳು. ಕಣ್ಣು ಅವರ ಕಾಲಿನ ಕಡೆಗೇ ಓಡುತ್ತಿತ್ತು. ಎಳೆದು ಎತ್ತಿ ದೂರದ ಮೂಲೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಅಪ್ಪ ತಾವಾಗಿಯೇ ಅಲ್ಲಿಗೆ ಬಂದು, ಎಡಕ್ಕೆ ವಾಲಿ, ತಿರುಗಿ ಹೋದರು.