ಕುದುರೆಗೆ ವಾಂತಿ ಆಗೋದಿಲ್ಲ

ಪಶುವೈದ್ಯೆ ಲಾಯದ ಬಾಗಿಲಿಗೆ ಬರುವ ಹೊತ್ತಿಗೆ ಅವಳ ಸೋದರಮಾವ ಎರಡನೇ ಬಾಟಲಿಗೆ ಉಪ್ಪುನೀರು ತುಂಬುತ್ತಿದ್ದರು. ಮೊದಲನೆಯದು ಆಗಲೇ ಖಾಲಿಯಾಗಿತ್ತು. ಅರ್ಧದಷ್ಟು ಹೆಣ್ಣು ಕುದುರೆಯ ಗಂಟಲಿಗೆ, ಉಳಿದರ್ಧ ಮಾವನ ಅಂಗಿಗೆ.

"ಫೋನಲ್ಲಿ ಏನು ಹೇಳಿದ್ದೆ ಮಾವ? ನಾನು ಬರೋವರೆಗೂ ಏನೂ ಕುಡಿಸಬೇಡಿ ಅಂದಿರಲಿಲ್ವಾ?"

"ಬರೀ ಉಪ್ಪುನೀರು ಕಣೇ ಪುಟ್ಟಿ. ದಾಣಿ ಕೋಣೆಗೆ ನುಗ್ಗಿ ಅರ್ಧ ಮೂಟೆ ಕಾಳು ಮುಕ್ಕಿದ್ದಾಳೆ. ಒಂದ್ಸಲ ವಾಂತಿ ಆಗಿಬಿಟ್ರೆ ಹಗುರಾಗ್ತಾಳೆ."

"ಕುದುರೆಗೆ ವಾಂತಿ ಆಗೋದಿಲ್ಲ."

"ನಲವತ್ತು ವರ್ಷದಿಂದ ಕುದುರೆ ಸಾಕ್ತಿದೀನಿ, ನನಗೆ ಹೇಳ್ತೀಯಾ?"

"ನಲವತ್ತು ವರ್ಷದಲ್ಲಿ ಒಂದಾದ್ರೂ ಕುದುರೆ ವಾಂತಿ ಮಾಡಿದ್ದು ನೋಡಿದೀರಾ?"

ಮಾವ ಯೋಚಿಸಿದರು. "ಯಾವುದೂ ಇಷ್ಟು ತಿಂದಿರಲಿಲ್ಲ," ಎಂದರು.

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು. ನಡುವೆ ಎರಡು ಸಲ ಕೆಮ್ಮಿತು. ಉಪ್ಪುನೀರು ಶ್ವಾಸಕೋಶಕ್ಕೆ ಇಳಿದಿದ್ದರೆ ಇನ್ನೊಂದು ರಾಮಾಯಣ. ಅವಳು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಸದ್ಯ, ಉಸಿರಾಟದ ಸದ್ದು ಸರಿಯಾಗಿತ್ತು.

"ಇಲ್ಲಿ ಕೇಳಿ ಮಾವ," ಎಂದಳು, ನೋವಿನ ಇಂಜೆಕ್ಷನ್ ಚುಚ್ಚುತ್ತ. "ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಇವಕ್ಕೆ ಮಾಂಸದ ಉಂಗುರ ಇರುತ್ತೆ. ನಮಗೂ ಇದೆ, ಆದರೆ ಇವುಗಳದ್ದು ಸಿಕ್ಕಾಪಟ್ಟೆ ಬಿಗಿ. ಒಳಗೆ ಹೋಗಿದ್ದು ವಾಪಸ್ ಬರಲ್ಲ. ಕಾಳು ನೆನೆದು ಉಬ್ಬುತ್ತೆ, ಹೊಟ್ಟೆ ಒಡೆದೇ ಹೋಗಬಹುದು. ಅದರ ಮೇಲೆ ನೀವು ನೀರು ಬೇರೆ ಹುಯ್ದಿದೀರಿ!"

"ಇಷ್ಟು ದೊಡ್ಡ ಪ್ರಾಣಿಗೆ ಅಷ್ಟೂ ಆಗಲ್ವಾ?" ಮಾವ ನಂಬಲಿಲ್ಲ. "ನಮ್ಮನೆ ಬೆಕ್ಕು ದಿನಾ ಮಾಡುತ್ತೆ."

ಅವಳು ಉದ್ದನೆಯ ಕೊಳವೆಗೆ ಜೆಲ್ ಸವರಿ ಕುದುರೆಯ ಮೂಗಿನ ಹೊಳ್ಳೆಯೊಳಗೆ ಮೆಲ್ಲಗೆ ತೂರಿಸತೊಡಗಿದಳು. ಕುದುರೆ ತಲೆ ಕೊಡವಿತು. ಮಾವ ಮುಖಕ್ಕೆ ಕಟ್ಟಿದ ಹಗ್ಗ ಹಿಡಿದು ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು, ಅದು ಸುಮ್ಮನಾಯಿತು. ಅಷ್ಟು ಮಾತ್ರ ಅವರ ಹಾಗೆ ಯಾರಿಗೂ ಬರುತ್ತಿರಲಿಲ್ಲ. ಕೊಳವೆ ಗಂಟಲು ದಾಟಿ, ಆ ಉಂಗುರದ ಹತ್ತಿರ ತಡೆದು ನಿಂತು, ಕೊನೆಗೆ ಒಳಗಿಳಿಯಿತು. ಗೊಳಗೊಳ ಸದ್ದಿನೊಂದಿಗೆ ಹುಳಿ ವಾಸನೆಯ ನೀರು, ಕಾಳು, ನೊರೆ ಎಲ್ಲ ಬಕೆಟ್ಟಿಗೆ ಸುರಿಯಿತು. ಅವಳು ಬೆಚ್ಚನೆಯ ನೀರು ಬಿಟ್ಟು ಮತ್ತೆ ಮತ್ತೆ ತೊಳೆದಳು. ಮೂರು ಬಕೆಟ್ ತುಂಬುವಷ್ಟರಲ್ಲಿ ಅವಳ ತೋಳು ಸೋತು ಹೋಗಿತ್ತು. ಕುದುರೆ ನೆಲ ಕೆರೆಯುವುದನ್ನು ನಿಲ್ಲಿಸಿ ದೊಡ್ಡದಾಗಿ ಉಸಿರು ಬಿಟ್ಟಿತು.

ಮಾವ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಮುಖ ಅರಳಿತು.

"ನೋಡಿದ್ಯಾ! ನಾನು ಹೇಳಲಿಲ್ವಾ? ವಾಂತಿ ಆಯ್ತು!"

"ಅದು ವಾಂತಿ ಅಲ್ಲ!" ಅವಳು ಕಿರುಚಿದಳು. ಪಕ್ಕದ ಲಾಯದ ಎರಡು ಕುದುರೆಗಳು ಕಿವಿ ನಿಮಿರಿಸಿದವು. "ನಾನು ತೆಗೆದಿದ್ದು! ಕೊಳವೆ ಹಾಕಿ! ಅರ್ಧ ಗಂಟೆ ತಡ ಆಗಿದ್ರೆ ಸತ್ತೇ ಹೋಗ್ತಿತ್ತು, ಗೊತ್ತಾ?"

ಮಾವ ಕುದುರೆಯನ್ನು ಅಂಗಳಕ್ಕೆ ನಡೆಸಿಕೊಂಡು ಹೋದರು. ಅವಳು ನಲ್ಲಿಯ ಕೆಳಗೆ ಕೊಳವೆ ತೊಳೆಯುತ್ತಿದ್ದಾಗ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಹತ್ತೇ ನಿಮಿಷದಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಮ್ಮ.

"ಅಣ್ಣನ ಮೇಲೆ ಕೂಗಾಡಿದ್ಯಂತೆ? ಪಾಪ, ತುಂಬಾ ಬೇಜಾರು ಮಾಡ್ಕೊಂಡಿದಾನೆ."

"ಕುದುರೆ ಬದುಕಿದೆ ಅಮ್ಮ."

"ಗೊತ್ತು, ಹೇಳಿದ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದನಂತೆ. ನೀನೂ ಸಹಾಯ ಮಾಡಿದ್ಯಂತೆ."

ಅವಳು ಫೋನು ಇಟ್ಟು ಅಂಗಳದ ಕಡೆ ತಿರುಗಿದಳು. ಅಲ್ಲಿ ಕುದುರೆ ಬಾಲವೆತ್ತಿ ಲದ್ದಿ ಹಾಕಿತು. ಕರುಳು ಕೆಲಸ ಮಾಡುತ್ತಿತ್ತು. ಮಾವ ಅಲ್ಲಿಂದಲೇ ಖುಷಿಯಿಂದ ಕೈ ಬೀಸಿದರು.

"ನಾಳೆವರೆಗೂ ಒಂದು ಹುಲ್ಲುಕಡ್ಡಿನೂ ಕೊಡಬೇಡಿ!" ಎಂದು ಕೂಗಿದಳು.

"ಒಂದು ಹಿಡಿ?" ಎಂದರು ಮಾವ.